ಅಕ್ಷರ, ನಿಘಂಟು, ರಾತ್ರಿಶಾಲೆ: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಒಂದು ಮುಖ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕುರಿತು ಕನ್ನಡದಲ್ಲಿ ಬಂದಿರುವ ಜೀವನಚರಿತ್ರೆಗಳ ಸಂಖ್ಯೆ ದೊಡ್ಡದು. ಅವುಗಳಲ್ಲಿ ಹೆಚ್ಚಿನವು ಕೃಷ್ಣರಾಜಸಾಗರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ ಎಂಬ ಸಾಧನೆಗಳ ಸಾಲನ್ನು ಹಿಡಿದು ನಡೆಯುತ್ತವೆ. ಅವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಹಳ್ಳಿಗಳಲ್ಲಿ ವಯಸ್ಕರಿಗಾಗಿ ನಡೆದ ಅಕ್ಷರಾಭ್ಯಾಸದ ತರಗತಿಗಳಿಗೆ ಈ ಸಾಲಿನಲ್ಲಿ ಒಂದು ವಾಕ್ಯದ ಜಾಗ ಸಿಕ್ಕರೆ ಹೆಚ್ಚು. ಆ ತರಗತಿಗಳು ಉಳಿಯಲಿಲ್ಲ. ಉಳಿಯದಿದ್ದುದನ್ನು ಚರಿತ್ರೆಕಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಆದರೆ ಅವು ಏಕೆ ಉಳಿಯಲಿಲ್ಲವೆಂಬ ಪ್ರಶ್ನೆ ಆಡಳಿತದ ಇತಿಹಾಸಕ್ಕಿಂತ ಹೆಚ್ಚಾಗಿ ಕನ್ನಡ ಪಠ್ಯಪುಸ್ತಕದ ಇತಿಹಾಸಕ್ಕೆ ಸೇರಿದ್ದು. ವಯಸ್ಸು ಮೀರಿದ ಮೇಲೆ ಅಕ್ಷರಕ್ಕೆ ಕೈಹಚ್ಚಿದವನ ಮುಂದೆ ಯಾವ ಪುಸ್ತಕವನ್ನು ಇಡಬೇಕು ಎಂಬುದು ಅದರ ತಿರುಳು. ಮನೆಪಾಠ ಹೇಳಿ ಓದಿದ, ಗುರುವಿನಿಂದ ನಿಘಂಟನ್ನು ಕಾಣಿಕೆಯಾಗಿ ಪಡೆದ ವಿಶ್ವೇಶ್ವರಯ್ಯನವರಿಗೆ ಇಂಗ್ಲಿಷ್ ಕಲಿಕೆಯ ಮಟ್ಟಿಗೆ ಈ ಪ್ರಶ್ನೆಯ ಉತ್ತರ ಸ್ವಾನುಭವದಿಂದ ಗೊತ್ತಿತ್ತು. ಕನ್ನಡದ ಮಟ್ಟಿಗೆ ಅದು ಅವರಿಗೂ ಅವರ ಕಾಲಕ್ಕೂ ದಕ್ಕಲಿಲ್ಲ.

ಅವರು ಹುಟ್ಟಿ ಬೆಳೆದ ಸೀಮೆಯ ಭಾಷಿಕ ಪರಿಸ್ಥಿತಿಯನ್ನು ಮೊದಲು ಗಮನಿಸಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಗೆ ಸೇರುವವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದವು. ಚಿಂತಾಮಣಿಯ ಸಮೀಪದ ಅಂಬಾಜಿದುರ್ಗ ಟಿಪ್ಪುವಿನ ಕಾಲದಲ್ಲಿ ಕೋಟೆ ಕಟ್ಟಿಸಿಕೊಂಡ ಕಲ್ಲುಬೆಟ್ಟ. ಹತ್ತೊಂಬತ್ತನೆಯ ಶತಮಾನದ ಆಡಳಿತದಲ್ಲಿ ಕಚೇರಿ ಚಿಂತಾಮಣಿಯಲ್ಲಿದ್ದರೂ ತಾಲ್ಲೂಕಿಗೆ ಅಂಬಾಜಿದುರ್ಗವೆಂದೇ ಹೆಸರಿತ್ತು. ಇಂದು ಅದು ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿಯ ಹೆಸರು. ಈ ಸೀಮೆಯ ಬಹುಪಾಲು ಹಳ್ಳಿಗಳಲ್ಲಿ ಮನೆಯ ಮಾತು ತೆಲುಗು, ಕಚೇರಿಯ ಬರಹ ಕನ್ನಡ. ಹತ್ತಿರದ ಕೈವಾರದ ನಾರಾಯಣಪ್ಪನವರು, ಜನ ಕೈವಾರ ತಾತಯ್ಯನೆಂದು ಕರೆಯುವ ಯೋಗಿ, ಎರಡು ಭಾಷೆಗಳಲ್ಲಿಯೂ ತತ್ವಪದಗಳನ್ನು ರಚಿಸಿದ್ದಾರೆ. ಓದು ಬಾರದ ದೊಡ್ಡವರು ಆ ಪದಗಳನ್ನು ಭಜನೆಯಲ್ಲಿ ಕೇಳಿ, ಹಾಡಿ, ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಅಂದರೆ ಇಲ್ಲಿಯ ನಿರಕ್ಷರಿ ವಯಸ್ಕ ಎರಡು ಭಾಷೆಗಳ ಪದಸಂಪತ್ತಿಗೆ ಒಡೆಯನಾಗಿದ್ದವನು. ಅವನನ್ನು ಏನೂ ಬಾರದವನೆಂದು ಭಾವಿಸಿ ಬರೆದ ಪ್ರೈಮರು ಅವನಿಗೆ ಒಗ್ಗುವಂತಿರಲಿಲ್ಲ.

ಇನ್ನೊಂದು ಅಂಶವೂ ಇದೆ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಬೆಳೆದವು. ಒಂದನ್ನು ಬಲ್ಲವನಿಗೆ ಇನ್ನೊಂದರ ಅಕ್ಷರಗಳನ್ನು ಗುರುತಿಸುವುದು ಕೆಲವು ದಿನಗಳ ಕೆಲಸ. ತೆಲುಗು ಸೀಮೆಯಲ್ಲಿ ಪ್ರಚಾರದಲ್ಲಿದ್ದ ‘ಪೆದ್ದ ಬಾಲಶಿಕ್ಷ’ವನ್ನು ಓದಿದ್ದ ಮನುಷ್ಯನಿಗೆ ಕನ್ನಡದ ಅಕ್ಷರಮಾಲೆಯಲ್ಲಿ ಕಷ್ಟವಿಲ್ಲ, ಕನ್ನಡದ ವಾಕ್ಯದಲ್ಲಿ ಕಷ್ಟವಿದೆ. ಹಳೆಯ ಮೈಸೂರಿನ ದಕ್ಷಿಣದ ತಾಲ್ಲೂಕುಗಳಲ್ಲಿ ಮನೆಮಾತೇ ಕನ್ನಡವಾಗಿದ್ದ ರೈತನ ಕಷ್ಟ ಇದಕ್ಕೆ ವಿರುದ್ಧವಾದದ್ದು. ಒಂದೇ ಪುಸ್ತಕ ಈ ಇಬ್ಬರಿಗೂ ಒದಗುವುದಿಲ್ಲ. ಪಠ್ಯವನ್ನು ಆಯ್ದುಕೊಳ್ಳುವುದು ಪುಸ್ತಕವನ್ನು ನೋಡಿಯಲ್ಲ, ಕಲಿಯುವವನನ್ನು ನೋಡಿ ಎಂಬ ಮಾತು ಇಂದು ವಯಸ್ಕರ ಶಿಕ್ಷಣದ ಸಾಹಿತ್ಯದಲ್ಲಿ ಸವೆದ ನಾಣ್ಯವಾಗಿದ್ದರೂ ಕೋಲಾರದ ಉತ್ತರದ ತಾಲ್ಲೂಕುಗಳಲ್ಲಿ ಅದು ತೀರ ಸ್ಥೂಲವಾದ ಅರ್ಥದಲ್ಲಿ ನಿಜ.

ಚಿಕ್ಕಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಜನಿಸಿದರು. ಜನ್ಮವರ್ಷ 1861 ಎಂದು ಅನೇಕ ಕಡೆ ಅಚ್ಚಾಗಿದೆ. ಆದರೆ ಶತಮಾನೋತ್ಸವ ಅವರ ಸಮ್ಮುಖದಲ್ಲಿಯೇ 1960ರ ಸೆಪ್ಟೆಂಬರ್ 15ರಂದು ನಡೆದಿರುವುದರಿಂದ 1860ನ್ನು ಒಪ್ಪುವುದು ಹೆಚ್ಚು ಯುಕ್ತ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಮೂಲ ಆಂಧ್ರದ ಮೋಕ್ಷಗುಂಡಂ. ಮನೆಯ ಮಾತು ತೆಲುಗು. ಹೀಗೆ ತೆಲುಗು ಮನೆಯಲ್ಲಿ, ಸಂಸ್ಕೃತದ ಧ್ವನಿ ಕೇಳುತ್ತ, ಕನ್ನಡ ಶಾಲೆಗೆ ಹೋಗಿ, ಇಂಗ್ಲಿಷಿನಲ್ಲಿ ಬದುಕು ಕಟ್ಟಿಕೊಂಡ ಹುಡುಗನ ದಾರಿ ಆ ಸೀಮೆಗೆ ಅಪರೂಪವಾದುದಲ್ಲ. ಅವರು ಆ ದಾರಿಯಲ್ಲಿ ನಡೆದ ದೂರ ಮಾತ್ರ ಅಪರೂಪವಾದದ್ದು.

ಅವರ ಬಾಲ್ಯದ ವೇಳೆಗೆ ಮೈಸೂರಿನ ಗ್ರಾಮಶಿಕ್ಷಣ ಒಂದು ತಿರುವಿನಲ್ಲಿತ್ತು. ಹಳ್ಳಿಗಳಲ್ಲಿ ಕೂಲಿಮಠಗಳು ಇನ್ನೂ ನಡೆಯುತ್ತಿದ್ದವು. ಮರಳಿನಲ್ಲಿ ಅಕ್ಷರ ತಿದ್ದುವುದು, ಮಗ್ಗಿ, ಕಾಗದ ಪತ್ರಗಳ ಒಕ್ಕಣೆ, ಅಮರಕೋಶ, ಜೈಮಿನಿ ಭಾರತ ಇವು ಅಲ್ಲಿಯ ಪಾಠದ ಸಾಮಗ್ರಿ. 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಈ ಪದ್ಧತಿಯ ಜಾಗದಲ್ಲಿ ಅಚ್ಚಾದ ಪಾಠಪುಸ್ತಕವನ್ನೂ ತರಬೇತಿ ಪಡೆದ ಉಪಾಧ್ಯಾಯನನ್ನೂ ತರಲು ಉದ್ದೇಶಿಸಿತ್ತು. ಮುಂದೆ ಶಾಸನಗಳ ಸಂಪಾದನೆಯಿಂದ ಪ್ರಸಿದ್ಧರಾದ ರೈಸ್ ಶಿಕ್ಷಣ ಇಲಾಖೆಯಲ್ಲಿ ಮಾಡಿದ ಕೆಲಸಕ್ಕೆ ನಮ್ಮ ಅಧ್ಯಯನಗಳಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಹೋಬಳಿ ಶಾಲೆಯ ಪುಸ್ತಕದಿಂದ ಲಾಭವಾದಂತೆ ಒಂದು ನಷ್ಟವೂ ಆಯಿತು. ಕೂಲಿಮಠದ ಕಾಗದಪತ್ರಗಳ ಒಕ್ಕಣೆ ದೊಡ್ಡವರ ಲೋಕದ ಬರಹ. ಹೊಸ ಪುಸ್ತಕ ಮಕ್ಕಳ ಲೋಕದ ಬರಹ. ಶಾಲೆಯ ಪುಸ್ತಕವೆಂದರೆ ಮಕ್ಕಳ ಪುಸ್ತಕ ಎಂಬ ಸಮೀಕರಣ ಅಲ್ಲಿಂದ ಗಟ್ಟಿಯಾಗುತ್ತ ಬಂದು, ಅರ್ಧ ಶತಮಾನದ ಅನಂತರ ರಾತ್ರಿಶಾಲೆಯ ಹೊಸ್ತಿಲಲ್ಲಿ ಅಡ್ಡವಾಗಿ ನಿಂತಿತು.

ಚಿಕ್ಕಬಳ್ಳಾಪುರದ ಶಾಲೆಯಲ್ಲಿ ನಾದಮುನಿ ನಾಯುಡು ಎಂಬ ಉಪಾಧ್ಯಾಯರು ಹುಡುಗನ ಬುದ್ಧಿಯನ್ನು ಗುರುತಿಸಿ ಮುಂದಿನ ಓದಿಗೆ ದಾರಿ ತೋರಿದರು. ತಂದೆಯವರು ಬೇಗನೆ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆಯಿತ್ತಾದರೂ ಓದಿನ ವೆಚ್ಚಕ್ಕೆ ಅದು ಸಾಲದು. 1875ರಲ್ಲಿ ಕಾಲೇಜಿನ ದರ್ಜೆಗೇರಿದ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೊಡಗಿನ ಮುದ್ದಯ್ಯನವರ ಮನೆಯ ಮಕ್ಕಳಿಗೆ ಪಾಠ ಹೇಳುತ್ತ, ರಾತ್ರಿ ಆ ಮನೆಯಲ್ಲಿಯೇ ತಂಗುತ್ತ, ಊಟಕ್ಕೆ ಬಂಧುಗಳ ಮನೆಗೆ ನಡೆದುಹೋಗುತ್ತ ದಿನ ಕಳೆದರು.

ಈ ಮನೆಪಾಠವನ್ನು ಜೀವನಚರಿತ್ರೆಗಳು ಬಡತನದ ನಿದರ್ಶನವೆಂದು ಹೇಳಿ ಮುಂದಕ್ಕೆ ಸಾಗುತ್ತವೆ. ಅದಕ್ಕಿಂತ ಹೆಚ್ಚಿನದು ಅಲ್ಲಿದೆ. ತೆಲುಗು ಮನೆಯಿಂದ ಬಂದ ತರುಣ, ಕೊಡಗಿನಿಂದ ಬಂದ ಮನೆತನದ ಮಕ್ಕಳು, ಬೆಂಗಳೂರಿನ ಕನ್ನಡ, ಪರೀಕ್ಷೆಯ ಇಂಗ್ಲಿಷ್: ಇವು ಒಂದೇ ಕೋಣೆಯಲ್ಲಿ ಸೇರಿದ್ದವು. ಹೇಳಿಕೊಡುವವನೇ ಆ ಭಾಷೆಯನ್ನು ಇನ್ನೂ ಕಲಿಯುತ್ತಿರುವಾಗ ಪಾಠಕ್ಕೆ ಒಂದು ವಿಶೇಷ ಎಚ್ಚರ ಬರುತ್ತದೆ. ಹುಟ್ಟಿನಿಂದ ಇಂಗ್ಲಿಷ್ ಬಲ್ಲ ಪ್ರಾಧ್ಯಾಪಕನಿಗೆ ಕಾಣದ ತೊಡಕು, ನಿನ್ನೆಯಷ್ಟೇ ಆ ತೊಡಕನ್ನು ದಾಟಿದವನಿಗೆ ಕಾಣುತ್ತದೆ. ಪದದ ಅರ್ಥವನ್ನು ನಿಖರವಾಗಿ ಹಿಡಿಯುವ, ಬರೆದುದನ್ನು ಮತ್ತೆ ಮತ್ತೆ ತಿದ್ದುವ ಅವರ ಪ್ರಸಿದ್ಧ ಅಭ್ಯಾಸಕ್ಕೆ ಈ ದಿನಗಳು ಬುನಾದಿ ಹಾಕಿದವೆಂದು ಊಹಿಸಲು ಅವಕಾಶವಿದೆ. ಅದೇ ಕೋಲಾರ ಜಿಲ್ಲೆಯ ಮುಳಬಾಗಿಲಿನವರಾದ ಡಿ. ವಿ. ಗುಂಡಪ್ಪನವರ ನೆನಪುಗಳಲ್ಲಿ, ಕರಡಿನ ಮೇಲೆ ಕರಡು ಮಾಡಿಸುವ ದಿವಾನರ ಚಿತ್ರ ಸ್ಪಷ್ಟವಾಗಿ ಮೂಡಿದೆ.

ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಈ ವಿದ್ಯಾರ್ಥಿಯನ್ನು ವಿಶೇಷವಾಗಿ ಮೆಚ್ಚಿಕೊಂಡಿದ್ದರು. ಪದವಿ ಮುಗಿಸಿ ಹೊರಟಾಗ ತಾವು ಬಳಸುತ್ತಿದ್ದ ವೆಬ್‌ಸ್ಟರ್ ನಿಘಂಟಿನ ಪ್ರತಿಯನ್ನು ಶಿಷ್ಯನಿಗೆ ಕೊಟ್ಟರು. ಈ ಪ್ರಸಂಗವನ್ನು ವಿಶ್ವೇಶ್ವರಯ್ಯನವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ನಮ್ಮ ಶಾಲಾಕಾಲೇಜುಗಳಲ್ಲಿ ಇದನ್ನು ಇಂಗ್ಲಿಷ್ ಕಲಿಯುವವರಿಗೆ ಆದರ್ಶವಾಗಿ ಹೇಳುವ ರೂಢಿಯಿದೆ: ನಿಘಂಟನ್ನು ಬಳಿಯಲ್ಲಿಟ್ಟುಕೊಂಡರೆ ಭಾಷೆ ತಾನಾಗಿ ಬರುತ್ತದೆಂಬ ಉಪದೇಶದೊಂದಿಗೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವಾಟರ್ಸ್ ನಿಘಂಟನ್ನು ಕೊಟ್ಟದ್ದು ಪದವಿ ಪಡೆದ, ಇಂಗ್ಲಿಷಿನಲ್ಲಿ ಓದಿ ಬರೆಯಬಲ್ಲ ತರುಣನಿಗೆ, ಅಕ್ಷರ ಕೂಡಿಸುತ್ತಿರುವವನಿಗಲ್ಲ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ವಿವರಿಸುವ ಕೋಶ ಆರಂಭದ ಕಲಿಕೆಯವನಿಗೆ ಬಾಗಿಲಿಲ್ಲದ ಗೋಡೆ. ಒಂದು ಪದ ತಿಳಿಯಲು ತೆರೆದರೆ ತಿಳಿಯದ ನಾಲ್ಕು ಪದಗಳು ಎದುರಾಗುತ್ತವೆ. ಮುಂದೆ ಢಾಕಾದಲ್ಲಿ ಕೆಲಸ ಮಾಡಿದ ಮೈಕೇಲ್ ವೆಸ್ಟ್ 1920ರ ದಶಕದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಓದನ್ನು ಪರಿಶೀಲಿಸಿ, ಹೆಚ್ಚು ಬಳಕೆಯ ಪದಗಳನ್ನು ಮೊದಲು ಕೊಟ್ಟು, ಹೊಸ ಪದಗಳನ್ನು ಅಳತೆಯಲ್ಲಿ ಸೇರಿಸುತ್ತ ಹೋಗುವ ವಾಚಕಗಳನ್ನು ಸಿದ್ಧಪಡಿಸಿದರು. ವೆಸ್ಟ್‌ನ ವಾಚಕ ಆರಂಭದ ಪುಸ್ತಕ, ವಾಟರ್ಸ್‌ನ ನಿಘಂಟು ಕೊನೆಯ ಪುಸ್ತಕ. ಎರಡರ ನಡುವಿನ ದೂರವನ್ನು ಮರೆತು ಮೊದಲ ವರ್ಷದ ಪದವಿ ವಿದ್ಯಾರ್ಥಿಯ ಕೈಗೆ ಕೋಶವನ್ನಿಡುವ ಅಧ್ಯಾಪಕರು ಇಂದಿಗೂ ಇದ್ದಾರೆ.

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ದೊರೆತ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1883ರಲ್ಲಿ ಪ್ರಥಮ ಸ್ಥಾನ ಪಡೆದುದು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದುದು, ಸಕ್ಕರ್‌ನ ನೀರು ಸರಬರಾಜು, ಖಡಕವಾಸ್ಲದ ಸ್ವಯಂಚಾಲಿತ ಬಾಗಿಲುಗಳು, ಏಡನ್, ಹೈದರಾಬಾದಿನ ಮೂಸಿ ಪ್ರವಾಹ ಇವೆಲ್ಲ ಸುಪರಿಚಿತ. ಪ್ರಸ್ತುತ ವಿಷಯಕ್ಕೆ ಪುಣೆಯ ದಿನಗಳಿಂದ ಎರಡು ಸಂಗತಿಗಳು ಮುಖ್ಯ. ಒಂದು, ರಾನಡೆ ಮತ್ತು ಗೋಖಲೆಯವರ ಒಡನಾಟ. ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಕೇಂದ್ರದ ಶಾಸನ ಪರಿಷತ್ತು 1912ರಲ್ಲಿ ತಳ್ಳಿಹಾಕಿತು. ಮರುವರ್ಷವೇ ಮೈಸೂರು ತನ್ನ ಪ್ರಾಥಮಿಕ ಶಿಕ್ಷಣ ಕಾನೂನನ್ನು ತಂದಿತು. ಇನ್ನೊಂದು, 1898ರ ಜಪಾನ್ ಪ್ರವಾಸ. ಏಷ್ಯದ ದೇಶವೊಂದು ತನ್ನ ಭಾಷೆಯಲ್ಲಿಯೇ ಇಡೀ ಜನತೆಗೆ ಓದು ಕಲಿಸಿ ಕೈಗಾರಿಕೆಗೆ ಸಿದ್ಧಗೊಳಿಸಿದ್ದನ್ನು ಅವರು ಕಣ್ಣಾರೆ ಕಂಡರು. ಮುಂದಿನ ಅವರ ಬರಹ ಭಾಷಣಗಳಲ್ಲಿ ಜಪಾನ್ ಮತ್ತೆ ಮತ್ತೆ ಬರುವ ಹೋಲಿಕೆ. ಅಲ್ಲಿಂದ ಅವರು ತಂದದ್ದು ಸಾಕ್ಷರತೆಯ ಅಂಕಿಅಂಶಗಳ ಬೆರಗನ್ನು. ಜನರ ಕೈಗೆ ಅಗ್ಗದ ಓದುಪುಸ್ತಕಗಳನ್ನು ಮುಟ್ಟಿಸಿದ ಅಲ್ಲಿಯ ಮುದ್ರಣೋದ್ಯಮ ಅವರ ಯೋಜನೆಗಳಲ್ಲಿ ಅಷ್ಟು ಎದ್ದು ಕಾಣುವುದಿಲ್ಲ.

1909ರ ನವೆಂಬರಿನಲ್ಲಿ ಮುಖ್ಯ ಎಂಜಿನಿಯರರಾಗಿ ಮೈಸೂರಿಗೆ ಬಂದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಆರಂಭವಾಯಿತು. ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ ಎಂದು ಅದಕ್ಕೆ ಮೂರು ಸಮಿತಿಗಳು. ಕೆಳಗೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿಯೂ ಸಮಿತಿಗಳು. ಶಿಕ್ಷಣವನ್ನು ಸಂಪತ್ತಿನ ಪ್ರಶ್ನೆಯಾಗಿ ನೋಡಿದುದು ಇದರ ವಿಶೇಷ. ಆ ವರ್ಷದ ಜನಗಣತಿಯಂತೆ ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಆರರ ಆಸುಪಾಸು. 1912ರ ನವೆಂಬರಿನಲ್ಲಿ ದಿವಾನರಾದ ಮೇಲೆ ಅವರು ಈ ಸಂಖ್ಯೆಯನ್ನು ಎರಡು ಕಡೆಯಿಂದ ಎತ್ತಲು ಯತ್ನಿಸಿದರು: ಆಯ್ದ ಪ್ರದೇಶಗಳಲ್ಲಿ ಗಂಡುಮಕ್ಕಳಿಗೆ ಕಡ್ಡಾಯ ಶಿಕ್ಷಣ, ವಯಸ್ಕರಿಗೆ ಅಕ್ಷರಾಭ್ಯಾಸದ ತರಗತಿಗಳು. ಜೊತೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಪುಸ್ತಕಾಲಯಗಳು, ಹಳ್ಳಿಗಳಿಗೆ ಸಂಚಾರಿ ಪುಸ್ತಕಭಂಡಾರಗಳು ಬಂದವು. ಸಯಾಜಿರಾವ್ ಅವರ ಬರೋಡ ಈ ಎರಡರಲ್ಲಿಯೂ ಮೊದಲು ಹೆಜ್ಜೆಯಿಟ್ಟಿದ್ದ ಸಂಸ್ಥಾನ. ಮೈಸೂರಿಗೆ ಅದು ಪೈಪೋಟಿಯೂ ಹೌದು, ಮಾದರಿಯೂ ಹೌದು.

ವಯಸ್ಕರ ತರಗತಿಗಳ ಸಂಖ್ಯೆ ಸಾವಿರಗಳಲ್ಲಿ ಏರಿತು. ಆ ಕಾಲದ ಭಾರತದಲ್ಲಿ ರಾತ್ರಿಶಾಲೆ ನಡೆಯುತ್ತಿದ್ದ ಬಗೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಹಗಲು ಮಕ್ಕಳಿಗೆ ಪಾಠ ಹೇಳಿದ ಮೇಷ್ಟರೇ ರಾತ್ರಿ ಲಾಂದ್ರದ ಬೆಳಕಿನಲ್ಲಿ ದೊಡ್ಡವರಿಗೆ ಹೇಳಬೇಕು. ಹಗಲಿನ ಪುಸ್ತಕವೇ ರಾತ್ರಿಗೂ. ಹೊಲದಿಂದ ಬಂದ ರೈತನ ಮುಂದೆ ಅರಸ, ಆಟ, ಇಲಿ, ಈಶ ಎಂಬ ಪದಗಳ ಬಾಲಬೋಧೆ. ಅವನಿಗೆ ಓದಬೇಕಾಗಿದ್ದುದು ಕಂದಾಯದ ರಸೀದಿ, ಸಾಹುಕಾರ ಬರೆಸಿಕೊಂಡ ಪತ್ರ, 1905ರ ಕಾನೂನಿನ ಅನಂತರ ಹುಟ್ಟಿಕೊಂಡಿದ್ದ ಸಹಕಾರ ಸಂಘದ ಲೆಕ್ಕದ ಪುಸ್ತಕ. ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ರೇಷ್ಮೆ ಸಾಕುವವನಾದರೆ ತೂಕ, ದರ, ತನಗೆ ಬರಬೇಕಾದ ಬಾಕಿ. ಕೂಲಿಮಠ ತನ್ನ ಒರಟು ರೀತಿಯಲ್ಲಿ ಇವನ್ನೇ ಕಲಿಸುತ್ತಿತ್ತು ಎಂಬುದು ಗಮನಾರ್ಹ. ಹೊಸ ರಾತ್ರಿಶಾಲೆ ಇವನ್ನು ಬಿಟ್ಟು ವಯಸ್ಕನನ್ನು ಮತ್ತೆ ಮಗುವಾಗಿಸಲು ಹೊರಟಿತು. ಅಂಬಾಜಿದುರ್ಗದಂಥ ಹೋಬಳಿಯಲ್ಲಿ ಇದರ ಮೇಲೆ ಭಾಷೆಯ ಭಾರವೂ ಬಿದ್ದಿತು. ತೆಲುಗಿನಲ್ಲಿ ಯೋಚಿಸುವವನು ಕನ್ನಡದ ಮಕ್ಕಳ ಪದಗಳನ್ನು ಅರ್ಥವಿಲ್ಲದ ಧ್ವನಿಗಳಂತೆ ಕೂಡಿಸಿ ಓದಬೇಕಿತ್ತು.

ಇದಕ್ಕೆ ದಿವಾನರನ್ನು ಮಾತ್ರ ಹೊಣೆಗಾರರನ್ನಾಗಿಸುವುದು ಅನ್ಯಾಯ. ಆಗಿನ ಕನ್ನಡದಲ್ಲಿ ಅಂಥ ಪುಸ್ತಕ ಬರೆಯಲು ಬೇಕಾದ ಗದ್ಯವೇ ಪೂರ್ತಿ ರೂಪುಗೊಂಡಿರಲಿಲ್ಲ. ಪಂಡಿತರ ಗದ್ಯ ಹಳಗನ್ನಡದ ಭಾರದಿಂದ ಬಾಗಿತ್ತು; ಕಚೇರಿಯ ಗದ್ಯದಲ್ಲಿ ಪಾರಸಿ, ಮರಾಠಿ ಪದಗಳು ತುಂಬಿದ್ದವು; ಮುಂಬಯಿ, ಮದ್ರಾಸು, ಹೈದರಾಬಾದು ಪ್ರಾಂತಗಳ ಕನ್ನಡ ಬೇರೆ ಬೇರೆಯಾಗಿತ್ತು. ಈ ಕೊರತೆಯನ್ನು ಸಂಪದಭ್ಯುದಯ ಸಮಾಜ ಗುರುತಿಸಿದ್ದಕ್ಕೆ ದೃಢವಾದ ಸಾಕ್ಷಿಯಿದೆ. ಕನ್ನಡ ಭಾಷೆಯ ಅಭಿವೃದ್ಧಿಯನ್ನು ಅದರ ಶಿಕ್ಷಣ ಸಮಿತಿ ಕೈಗೆತ್ತಿಕೊಂಡ ಪರಿಣಾಮವಾಗಿ 1915ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು, ಎಚ್. ವಿ. ನಂಜುಂಡಯ್ಯನವರು ಅದರ ಮೊದಲ ಅಧ್ಯಕ್ಷರು. ಪರಿಷತ್ತಿನ ಹುಟ್ಟನ್ನು ಸಾಮಾನ್ಯವಾಗಿ ಭಾಷಾಭಿಮಾನದ ಕಥೆಯಾಗಿ ಹೇಳಲಾಗುತ್ತದೆ. ಆರ್ಥಿಕ ಅಭ್ಯುದಯಕ್ಕೆಂದು ಕೂಡಿದ ಸಭೆಯೊಂದು ಸಾಹಿತ್ಯ ಸಂಸ್ಥೆಗೆ ಜನ್ಮಕೊಟ್ಟಿತೆಂಬ ವಿಚಿತ್ರವನ್ನು, ಓದಿಸಲು ಹೊರಟ ಸರ್ಕಾರಕ್ಕೆ ಓದಿಸತಕ್ಕ ಬರಹ ಸಾಲದೆ ಬಂದ ಸನ್ನಿವೇಶದ ಹಿನ್ನೆಲೆಯಲ್ಲಿ ನೋಡಿದರೆ ಅದು ಅಷ್ಟೇನೂ ವಿಚಿತ್ರವಲ್ಲ. ಆದರೆ ಪರಿಷತ್ತು ಗ್ರಂಥಸಂಪಾದನೆ, ಪತ್ರಿಕೆ, ಸಮ್ಮೇಳನಗಳ ಕಡೆಗೆ ವಾಲಿತು. ರಾತ್ರಿಶಾಲೆಯ ರೈತನ ವಾಚಕ ವಿದ್ವಾಂಸರ ಮೇಜಿನ ಮೇಲೆ ಬಹಳ ಕಾಲ ನಿಲ್ಲಲಿಲ್ಲ.

ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಹೊಸ ವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳಲು ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಎರಡು ವರ್ಷ ನಡೆದು ನಿಂತಿತು. ಓದು ಬಲ್ಲವನಿಗೆ ಅದು ಒದಗಿತೇ ಹೊರತು, ಓದನ್ನು ಹೊಸದಾಗಿ ಹಿಡಿದವನಿಗೂ ಅದಕ್ಕೂ ನಡುವೆ ಒಂದೆರಡು ಮೆಟ್ಟಿಲುಗಳು ಬಾಕಿಯಿದ್ದವು. ಆ ಮೆಟ್ಟಿಲುಗಳನ್ನು ಯಾರೂ ಕಟ್ಟಲಿಲ್ಲ.

1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಬೋಧನೆ ಇಂಗ್ಲಿಷಿನಲ್ಲಿ ನಡೆಯಿತು. ಕೆಳಗೆ ಕನ್ನಡ, ಮೇಲೆ ಇಂಗ್ಲಿಷ್ ಎಂಬ ಈ ಏರ್ಪಾಡಿನಲ್ಲಿ ವಿಶ್ವೇಶ್ವರಯ್ಯನವರು ತಾವು ನಡೆದು ಬಂದ ದಾರಿ ಎಲ್ಲರಿಗೂ ತೆರೆಯುತ್ತದೆಂದು ನಂಬಿದ್ದರೆಂದು ತೋರುತ್ತದೆ. ಆದರೆ ಆ ದಾರಿಯಲ್ಲಿ ಒಬ್ಬ ನಾದಮುನಿ ನಾಯುಡು, ಒಂದು ಮುದ್ದಯ್ಯನವರ ಮನೆ, ಒಬ್ಬ ವಾಟರ್ಸ್ ಇದ್ದರು. ಮನೆಯಲ್ಲಿ ತಲೆಮಾರುಗಳ ವಿದ್ಯೆಯಿತ್ತು. ಇವಾವುವೂ ಇಲ್ಲದವರ ಪ್ರಶ್ನೆ 1917–18ರ ವೇಳೆಗೆ ರಾಜಕೀಯ ರೂಪದಲ್ಲಿ ಎದ್ದು ನಿಂತಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಸಾಕಷ್ಟು ಪ್ರಾತಿನಿಧ್ಯ ಬೇಕೆಂಬ ಬೇಡಿಕೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಶಿಕ್ಷಣ ಹರಡಿದರೆ ಅಸಮಾನತೆ ತಾನಾಗಿ ಕರಗುತ್ತದೆ, ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಿರಬೇಕೆಂಬುದು ದಿವಾನರ ನಿಲುವು. ಈ ಭಿನ್ನಾಭಿಪ್ರಾಯದ ನಡುವೆ ಅವರು ಆ ವರ್ಷದ ಡಿಸೆಂಬರಿನಲ್ಲಿ ಅಧಿಕಾರದಿಂದ ನಿವೃತ್ತರಾದರು.

ಈ ನಿಲುವನ್ನು ಜಾತಿಯ ಪಕ್ಷಪಾತವೆಂದು ಖಂಡಿಸುವವರೂ ತತ್ವನಿಷ್ಠೆಯೆಂದು ಕೊಂಡಾಡುವವರೂ ಇದ್ದಾರೆ. ಪಠ್ಯಸಾಮಗ್ರಿಯ ದೃಷ್ಟಿಯಿಂದ ನೋಡಿದರೆ ಮೂರನೆಯ ಒಂದು ಅಂಶ ಕಾಣುತ್ತದೆ. ಶಿಕ್ಷಣ ತಾನಾಗಿ ಹರಡುತ್ತದೆಂಬ ವಾದ, ಶಾಲೆ ತೆರೆದರೆ ಸಾಕು, ಪುಸ್ತಕ ಎಲ್ಲರಿಗೂ ಒಂದೇ ರೀತಿ ಒಗ್ಗುತ್ತದೆಂಬ ಊಹೆಯ ಮೇಲೆ ನಿಂತಿದೆ. ಶಾಸ್ತ್ರಿಗಳ ಮನೆಯ ಹುಡುಗನಿಗೆ ಪುಸ್ತಕದ ಕನ್ನಡ ಹೊಸದಲ್ಲ. ಸಂಸ್ಕೃತ ಪದಗಳು ಅವನ ಕಿವಿಯಲ್ಲಿ ಆಗಲೇ ಬಿದ್ದಿರುತ್ತವೆ. ಒಕ್ಕಲು ಮನೆಯ, ಕೇರಿಯ ಮಗುವಿಗೆ, ಅದರ ತಂದೆಗೆ ಆ ಪುಸ್ತಕ ಪರಭಾಷೆಯಷ್ಟೇ ದೂರ. ಜಾತಿಯ ಕಾರಣದಿಂದ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡಬಾರದೆಂದು 1915ರಲ್ಲಿ ಅವರದೇ ಆಡಳಿತ ನಿರ್ಧರಿಸಿದಾಗ ಶಾಲೆಯ ಬಾಗಿಲು ಕಾನೂನಿನ ಮಟ್ಟಿಗೆ ತೆರೆಯಿತು. ಪುಸ್ತಕದೊಳಗಿನ ಬಾಗಿಲು ತೆರೆಯಲು ಬೇರೊಂದು ಬಗೆಯ ಶ್ರಮ ಬೇಕಾಗಿತ್ತು. ಅದು ಎಂಜಿನಿಯರ್ ದಿವಾನರ ಲೆಕ್ಕದಲ್ಲಿ ಬರಲಿಲ್ಲ.

ಅವರು ಹೊರಟ ಮೇಲೆ ವಯಸ್ಕರ ತರಗತಿಗಳು ಒಂದೊಂದಾಗಿ ಮುಚ್ಚಿದವು. ಮೊದಲ ಮಹಾಯುದ್ಧದ ಅನಂತರದ ಹಣದ ಮುಗ್ಗಟ್ಟು, ಅಧಿಕಾರಿಗಳ ನಿರಾಸಕ್ತಿ, ಕಲಿಯುವವರ ನಿರುತ್ಸಾಹ ಇವನ್ನು ಕಾರಣಗಳಾಗಿ ಹೇಳುವುದುಂಟು. ನಿರುತ್ಸಾಹವೆಂಬ ಪದ ಅಧಿಕಾರಿಗಳಿಗೆ ಅನುಕೂಲವಾದದ್ದು. ಅದು ತಪ್ಪನ್ನು ಪುಸ್ತಕದಿಂದ ಓದುವವನ ಕಡೆಗೆ ಸರಿಸುತ್ತದೆ. ಕಲಿತವರೂ ಓದಲು ಏನೂ ಸಿಕ್ಕದೆ ಮತ್ತೆ ನಿರಕ್ಷರಿಗಳಾಗುವುದನ್ನು 1929ರ ಹಾರ್ಟಾಗ್ ಸಮಿತಿಯ ವರದಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಿಸಿ ಎತ್ತಿ ತೋರಿಸಿತು. ಮೈಸೂರಿನ ಅನುಭವ ಅದಕ್ಕೆ ಹತ್ತು ವರ್ಷ ಮೊದಲೇ ಅದೇ ಪಾಠವನ್ನು ಬರೆದಿಟ್ಟಿತ್ತು.

1918ರ ಅನಂತರದ ನಾಲ್ಕು ದಶಕಗಳಲ್ಲಿ ವಿಶ್ವೇಶ್ವರಯ್ಯನವರು ವಿದೇಶ ಪ್ರವಾಸ, ಸಮಿತಿಗಳು, ಭದ್ರಾವತಿಯ ಕಾರ್ಖಾನೆ, ಗ್ರಂಥರಚನೆಗಳಲ್ಲಿ ತೊಡಗಿದ್ದರು. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತು, 1934ರಲ್ಲಿ ಯೋಜಿತ ಆರ್ಥಿಕತೆಯನ್ನು ಕುರಿತು ಅವರ ಪುಸ್ತಕಗಳು ಬಂದವು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅವರ ಆಸಕ್ತಿಯ ಫಲ. ಓದನ್ನು ಕಸುಬಿಗೆ ಕೂಡಿಸಬೇಕೆಂಬ ಅವರ ಹಳೆಯ ಹಂಬಲ ಅಲ್ಲಿ ಕೈಗೂಡಿತು. ಅಲ್ಲಿಗೆ ಪ್ರವೇಶ ದೊರೆಯುತ್ತಿದ್ದುದು ಶಾಲೆ ಮುಗಿಸಿದವರಿಗೆ.

ವಯಸ್ಕರ ಪುಸ್ತಕದ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡವರು ಬೇರೆಯವರು. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಉತ್ಸಾಹದಿಂದ ಮೊದಲಾದ ಸಾಕ್ಷರತಾ ಪ್ರಯತ್ನ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಸಮಿತಿ ತರಗತಿಗಳನ್ನು ನಡೆಸಿದಷ್ಟೇ ಶ್ರದ್ಧೆಯಿಂದ ಓದುಗರಿಗೆ ಬರಹವನ್ನು ಒದಗಿಸಿತು. ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ, ಹೊಸದಾಗಿ ಓದು ಕಲಿತವರಿಗೆಂದೇ ಬರೆಸಿದ ಚಿಕ್ಕ ಪುಸ್ತಕಗಳು ಅದರ ಕೊಡುಗೆ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣರಿಂದಲೇ ಇದು ಮೊದಲಾದುದನ್ನು ಅವರ ಲೆಕ್ಕಕ್ಕೆ ಸೇರಿಸುವುದಾದರೆ ತಪ್ಪಿಲ್ಲ. ಅಂಬಾಜಿದುರ್ಗದ ಕಡೆಯ ತೆಲುಗು ಮಾತಿನ ವಯಸ್ಕನಿಗೆ ಅವನ ಎರಡು ಭಾಷೆಗಳನ್ನೂ ಬಳಸಿಕೊಳ್ಳುವ ಪುಸ್ತಕದ ಯೋಚನೆ ಮಾತ್ರ ಇಲ್ಲಿಯೂ ಪಕ್ಕಕ್ಕೇ ಉಳಿಯಿತು.

ತೊಂಬತ್ತು ದಾಟಿದ ವಯಸ್ಸಿನಲ್ಲಿ, 1951ರಲ್ಲಿ, ವಿಶ್ವೇಶ್ವರಯ್ಯನವರು ತಮ್ಮ ಆತ್ಮಕಥನವನ್ನು ಪ್ರಕಟಿಸಿದರು. ಮನೆಪಾಠದ ದಿನಗಳೂ ವಾಟರ್ಸ್ ಕೊಟ್ಟ ನಿಘಂಟೂ ಅದರಲ್ಲಿ ಬಂದಿವೆ. ಅದನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.